ಹೊತ್ತಿಕೊಳ್ಳುವ ಅನಿಲವನ್ನು ಇಲಿಗಳ ಮೇಲೆ ಪರೀಕ್ಷಿಸುವುದು ಹೇಗೆ? ಬಂದ ಅಂಕಿಯನ್ನು ಓದುವುದು ಹೇಗೆ?

ಪ್ರಶ್ನೆ: ಡಿಯೋಡರೆಂಟ್ ಸ್ಪ್ರೇ ಡಬ್ಬಿಗಳಿಗೆ ಅನಿಲ ತುಂಬುವ ಘಟಕವೊಂದರಲ್ಲಿ ನಾನು ಸುರಕ್ಷತಾ ಅಧಿಕಾರಿಯಾಗಿದ್ದೇನೆ. ನಾವು ಬಳಸುವುದು ಬ್ಯೂಟೇನ್, ಐಸೊಬ್ಯೂಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣ. ಅದರ ಸುರಕ್ಷತಾ ಮಾಹಿತಿ ಪತ್ರದ ಒಂದು ಕಡೆ ‘ಬ್ಯೂಟೇನ್: ಎಲ್‌ಸಿ 50, ಇಲಿ, ಉಸಿರಾಟ, 4 ಗಂಟೆ, ಲೀಟರಿಗೆ 658 ಮಿ.ಗ್ರಾಂ’ ಎಂದಿದೆ. ಇನ್ನೊಂದು ಕಡೆ ‘ಎಲ್‌ಪಿಜಿ: ಇಲಿ, 13 ವಾರ, 10,000 ಪಿಪಿಎಂವರೆಗೆ ಪ್ರತಿಕೂಲ ಪರಿಣಾಮ ಕಂಡುಬಂದಿಲ್ಲ’ ಎಂದಿದೆ. ಇಷ್ಟು ಸುಲಭವಾಗಿ ಹೊತ್ತಿಕೊಳ್ಳುವ ಅನಿಲವನ್ನು ಪ್ರಾಣಿಗಳಿಗೆ ಉಸಿರಾಡಿಸಿ ಪರೀಕ್ಷಿಸುವುದಾದರೂ ಹೇಗೆ? ಈ ಎರಡರಲ್ಲಿ ಯಾವ ಅಂಕಿಯನ್ನು ನಮ್ಮ ಕಾರ್ಮಿಕರಿಗೆ ಹೇಳಬೇಕು? ಇದಕ್ಕಾಗಿ ಪ್ರಾಣಿಗಳನ್ನು ಕೊಲ್ಲುವುದು ನಿಜಕ್ಕೂ ಅಗತ್ಯವೇ?

ಉತ್ತರ: ನೀವು ಉಲ್ಲೇಖಿಸಿರುವ ಎರಡು ಅಂಕಿಗಳು ಎರಡು ಬೇರೆ ಕಾಲದ, ಎರಡು ಬೇರೆ ಉದ್ದೇಶದ ಪ್ರಯೋಗಗಳಿಂದ ಬಂದವು. ಮೊದಲನೆಯದು, ಅಂದರೆ ಎಲ್‌ಸಿ 50, ‘ಗಾಳಿಯಲ್ಲಿ ಎಷ್ಟು ಅನಿಲ ಸೇರಿದರೆ ಅರ್ಧದಷ್ಟು ಇಲಿಗಳು ಸಾಯುತ್ತವೆ’ ಎಂದು ಕೇಳಿದ ಪ್ರಯೋಗ. ಎರಡನೆಯದು ‘ಬೆಂಕಿಯ ಅಪಾಯವಿಲ್ಲದೆ ಪ್ರಯೋಗಾಲಯದಲ್ಲಿ ಕೊಡಬಹುದಾದಷ್ಟು ಅನಿಲವನ್ನು ಮೂರು ತಿಂಗಳು ಉಸಿರಾಡಿದರೆ ದೇಹಕ್ಕೆ ಏನಾಗುತ್ತದೆ’ ಎಂದು ಕೇಳಿದ ಪ್ರಯೋಗ. ಕಾರ್ಮಿಕನೊಬ್ಬ ಎಷ್ಟು ಸಾಂದ್ರತೆಯವರೆಗೆ ನಿಶ್ಚಿಂತೆಯಿಂದ ಕೆಲಸ ಮಾಡಬಹುದು ಎಂಬ ಪ್ರಶ್ನೆಯನ್ನು ಈ ಎರಡೂ ನೇರವಾಗಿ ಕೇಳಿಯೇ ಇಲ್ಲ. ಹೀಗಿದ್ದೂ ಮಾಹಿತಿ ಪತ್ರಗಳಲ್ಲಿ ಅವು ಅಕ್ಕಪಕ್ಕದಲ್ಲಿ ಅಚ್ಚಾಗುವುದರಿಂದ, ದೊಡ್ಡ ಅಂಕಿ ಕಂಡವರು ಅನಿಲ ನಿರುಪದ್ರವಿ ಎಂದು ತಿಳಿಯುವುದು ಸಹಜವಾಗಿಬಿಟ್ಟಿದೆ. ಈ ತಪ್ಪು ತಿಳಿವಳಿಕೆ ನನ್ನನ್ನು ಬಹಳವಾಗಿ ಕಾಡುವ ಸಂಗತಿಯಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮೊದಲು 658ನ್ನು ಬಿಡಿಸಿ ನೋಡೋಣ. ಈ ಅಂಕಿಯ ಮೂಲ ಸೋವಿಯತ್ ವಿಜ್ಞಾನಿ ಶುಗಾಯೆವ್ 1969ರಲ್ಲಿ ಪ್ರಕಟಿಸಿದ ಅಧ್ಯಯನ. ಬ್ಯೂಟೇನ್‌ನ ಅಣುತೂಕ ಸುಮಾರು 58. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲ (ಬ್ಯೂಟೇನ್ ಆದರೆ ಸುಮಾರು 58 ಗ್ರಾಂ) ಸುಮಾರು 24.45 ಲೀಟರ್ ಜಾಗ ಹಿಡಿಯುತ್ತದೆ. ಈ ಲೆಕ್ಕದಲ್ಲಿ ಲೀಟರಿಗೆ 658 ಮಿ.ಗ್ರಾಂ ಎಂದರೆ ಸುಮಾರು 2,77,000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು ಅನಿಲ), ಅಂದರೆ ಇಲಿ ಉಸಿರಾಡಿದ ಗಾಳಿಯಲ್ಲಿ ಶೇ. 27ಕ್ಕೂ ಹೆಚ್ಚು ಪಾಲು ಬ್ಯೂಟೇನ್. ಅಷ್ಟು ಜಾಗವನ್ನು ಬ್ಯೂಟೇನ್ ಆಕ್ರಮಿಸಿದಾಗ, ಆಮ್ಲಜನಕವನ್ನು ಪ್ರತ್ಯೇಕವಾಗಿ ಸೇರಿಸದಿದ್ದರೆ, ಅದರ ಪ್ರಮಾಣ ಶೇ. 20.9ರಿಂದ ಸುಮಾರು 15ಕ್ಕೆ ಇಳಿಯುತ್ತದೆ. ಶೇ. 15 ಆಮ್ಲಜನಕವೊಂದೇ ಆರೋಗ್ಯವಂತ ಇಲಿಯನ್ನು ನಾಲ್ಕು ಗಂಟೆಯಲ್ಲಿ ಕೊಲ್ಲುವಷ್ಟು ಕಡಿಮೆಯೇನಲ್ಲ. ಆದ್ದರಿಂದ ಆ ಸಾವುಗಳನ್ನು ‘ಉಸಿರುಕಟ್ಟಿ ಸತ್ತವು’ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ. ಬ್ಯೂಟೇನ್ ಕೊಬ್ಬಿನಂಶದಲ್ಲಿ ಚೆನ್ನಾಗಿ ಕರಗುತ್ತದೆ, ಮಿದುಳನ್ನು ಬೇಗ ತಲುಪುತ್ತದೆ, ಅಲ್ಲಿ ಅರಿವಳಿಕೆ ಮದ್ದಿನಂತೆ ವರ್ತಿಸುತ್ತದೆ. ಶುಗಾಯೆವ್ ಅವರ ಅಧ್ಯಯನ ಸತ್ತ ಪ್ರಾಣಿಗಳ ಎಣಿಕೆಗೆ ನಿಲ್ಲದೆ ಅಂಗಾಂಶಗಳಲ್ಲಿ ಸೇರಿದ ಹೈಡ್ರೋಕಾರ್ಬನ್ ಎಷ್ಟು ಎಂಬುದನ್ನೂ ಅಳೆಯಿತು. ನನ್ನ ದೃಷ್ಟಿಯಲ್ಲಿ ಆ ಅಧ್ಯಯನದ ನಿಜವಾದ ಬೆಲೆ ಇರುವುದು ಆ ಅಳತೆಯಲ್ಲಿ. ಆದರೆ ಮಾಹಿತಿ ಪತ್ರಗಳಿಗೆ ನಕಲಾಗುತ್ತಾ ಬಂದದ್ದು ಸಾವಿನ ಅಂಕಿ ಮಾತ್ರ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದೇ ಅಧ್ಯಯನದಲ್ಲಿ ಚಿಟ್ಟಿಲಿಗಳಿಗೆ, ಅಂದರೆ ಪ್ರಯೋಗಾಲಯದವರು ಮೌಸ್ ಎನ್ನುವ ಚಿಕ್ಕ ಜಾತಿಯ ಇಲಿಗಳಿಗೆ, ಎರಡು ಗಂಟೆಯ ಅವಧಿಗೆ ಸಿಕ್ಕ ಅಂಕಿ 680. ಪ್ರಾಣಿ ಬೇರೆ, ಅವಧಿ ಅರ್ಧ, ಆದರೂ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಅನೇಕ ವಿಷಾನಿಲಗಳಲ್ಲಿ ಸಾಂದ್ರತೆಯನ್ನೂ ಸಮಯವನ್ನೂ ಗುಣಿಸಿ ಬರುವ ಮೊತ್ತ ಪರಿಣಾಮವನ್ನು ನಿರ್ಧರಿಸುತ್ತದೆ ಎಂಬ ಹಳೆಯ ನಿಯಮವೊಂದಿದೆ. ಅರಿವಳಿಕೆಯಂತೆ ಕೆಲಸ ಮಾಡುವ ಹೈಡ್ರೋಕಾರ್ಬನ್‌ಗಳ ವಿಷಯದಲ್ಲಿ ಈ ನಿಯಮ ಸರಿಯಾಗಿ ಹೊಂದುವುದಿಲ್ಲ. ರಕ್ತ ಮತ್ತು ಮಿದುಳಿನಲ್ಲಿ ಅನಿಲದ ಮಟ್ಟ ಬೇಗನೆ ಸಮತೋಲನಕ್ಕೆ ಬಂದುಬಿಡುವುದರಿಂದ, ಎಷ್ಟು ಹೊತ್ತು ಉಸಿರಾಡಿದ ಎಂಬುದಕ್ಕಿಂತ ಯಾವ ಸಾಂದ್ರತೆಯಲ್ಲಿ ಉಸಿರಾಡಿದ ಎಂಬುದೇ ಮುಖ್ಯವಾಗುತ್ತದೆ. ನಿಮ್ಮ ಘಟಕದ ಮಟ್ಟಿಗೆ ಇದರ ಅರ್ಥ ಸ್ಪಷ್ಟವಾಗಿದೆ: ‘ಒಂದೇ ನಿಮಿಷ ಒಳಗೆ ಹೋಗಿ ಬರುತ್ತೇನೆ’ ಎಂಬ ಮಾತಿಗೆ ಇಲ್ಲಿ ರಕ್ಷಣೆಯಿಲ್ಲ.

ಈಗ ಪ್ರಯೋಗ ನಡೆಸುವ ಬಗೆಗೆ ಬರುತ್ತೇನೆ. ಉಸಿರಾಟದ ವಿಷತ್ವ ಪರೀಕ್ಷೆಗೆ ಎರಡು ಬಗೆಯ ಏರ್ಪಾಡುಗಳಿವೆ. ಒಂದರಲ್ಲಿ ಇಲಿಯನ್ನು ಕೊಳವೆಯಂಥ ಸಾಧನದೊಳಗೆ ಕೂರಿಸಿ ಅದರ ಮೂಗಿಗೆ ಮಾತ್ರ ಅನಿಲ ತಲುಪುವಂತೆ ಮಾಡುತ್ತಾರೆ. ಇನ್ನೊಂದರಲ್ಲಿ ತಂತಿ ಗೂಡುಗಳಲ್ಲಿರುವ ಇಲಿಗಳನ್ನು ಸ್ಟೀಲು ಮತ್ತು ಗಾಜಿನ ಕೊಠಡಿಯೊಳಗಿಟ್ಟು ಇಡೀ ಕೊಠಡಿಗೆ ಅನಿಲ ಹರಿಸುತ್ತಾರೆ. ಪುಡಿ ಅಥವಾ ತುಂತುರು ರೂಪದ ವಸ್ತುಗಳಿಗೆ ಮೊದಲನೆಯದು ಒಳ್ಳೆಯದು, ಏಕೆಂದರೆ ಇಡೀ ಮೈಗೆ ತಾಗಿದರೆ ತುಪ್ಪಳದ ಮೇಲೆ ಕೂತ ವಸ್ತುವನ್ನು ಪ್ರಾಣಿ ನೆಕ್ಕಿ ಹೊಟ್ಟೆಗೂ ಸೇರಿಸಿಕೊಳ್ಳುತ್ತದೆ. ಬ್ಯೂಟೇನ್, ಪ್ರೊಪೇನ್‌ಗಳಂಥ ಅನಿಲಗಳಿಗೆ ಆ ತೊಂದರೆಯಿಲ್ಲ. ಜೊತೆಗೆ ಕೊಳವೆಯೊಳಗೆ ದಿನಕ್ಕೆ ಆರು ಗಂಟೆ, ವಾರಗಟ್ಟಲೆ ಕೂರಿಸಿದರೆ ಪ್ರಾಣಿಗೆ ಬಿಸಿ ಏರುತ್ತದೆ, ತೂಕ ಇಳಿಯುತ್ತದೆ, ಕಂಡ ಪರಿಣಾಮ ಅನಿಲದ್ದೋ ಕಟ್ಟಿಹಾಕಿದ್ದರದ್ದೋ ಎಂದು ಹೇಳುವುದೇ ಕಷ್ಟವಾಗುತ್ತದೆ. ಹಾಗಾಗಿ ದೀರ್ಘಾವಧಿಯ ಅನಿಲ ಪರೀಕ್ಷೆಗಳಲ್ಲಿ ಇಡೀ ಕೊಠಡಿಯ ಏರ್ಪಾಡನ್ನೇ ಆರಿಸಿಕೊಳ್ಳುವುದು ರೂಢಿ. ಅನಿಲವಿಲ್ಲದ ಶುದ್ಧ ಗಾಳಿಯ ಇನ್ನೊಂದು ಕೊಠಡಿಯಲ್ಲಿ ಅಷ್ಟೇ ಹೊತ್ತು ಕೂರುವ ಹೋಲಿಕೆಯ ಗುಂಪು ಇಲ್ಲದಿದ್ದರೆ ಇಡೀ ಪ್ರಯೋಗಕ್ಕೆ ಬೆಲೆಯಿಲ್ಲ.

ಒಇಸಿಡಿ, ಅಂದರೆ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ, ರೂಪಿಸಿದ ಪರೀಕ್ಷಾ ಮಾರ್ಗಸೂಚಿಗಳು ಈ ಕೊಠಡಿಯ ಪ್ರತಿಯೊಂದು ಅಂಶವನ್ನೂ ಹಿಡಿತದಲ್ಲಿಡುತ್ತವೆ. ಪ್ರಾಣಿಗಳ ಒಟ್ಟು ಗಾತ್ರ ಕೊಠಡಿಯ ಗಾತ್ರದ ಶೇ. 5ನ್ನು ಮೀರಬಾರದು. ಆಮ್ಲಜನಕ ಶೇ. 19ಕ್ಕಿಂತ ಕಡಿಮೆಯಾಗಬಾರದು, ಇಂಗಾಲದ ಡೈಆಕ್ಸೈಡ್ ಶೇ. 1ನ್ನು ದಾಟಬಾರದು. ಉಷ್ಣತೆ 22 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು. ಅನಿಲದ ಸಾಂದ್ರತೆ ಉದ್ದೇಶಿತ ಮಟ್ಟದಿಂದ ಶೇ. 10ಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ಕಾಗದದ ಮೇಲೆ ಇವು ಸರಳವಾಗಿ ಕಾಣುತ್ತವೆ. ಒಂದು ಘನ ಮೀಟರ್ ಗಾತ್ರದ ಕೊಠಡಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಗಂಟೆಗೆ 12 ಬಾರಿ ಅದರ ಗಾಳಿ ಬದಲಾಗಬೇಕಾದರೆ ನಿಮಿಷಕ್ಕೆ 200 ಲೀಟರ್ ಗಾಳಿ ಹರಿಯಬೇಕು. ಅದರಲ್ಲಿ 10,000 ಪಿಪಿಎಂ ಬ್ಯೂಟೇನ್ ಇರಬೇಕಾದರೆ ನಿಮಿಷಕ್ಕೆ ಎರಡು ಲೀಟರ್ ಬ್ಯೂಟೇನ್ ಸೇರಬೇಕು. ಆರು ಗಂಟೆಗೆ ಅದು ಸುಮಾರು 1.7 ಕಿಲೋ ಆಗುತ್ತದೆ. ವಾರಕ್ಕೆ ಐದು ದಿನದಂತೆ 13 ವಾರ ಮುಗಿಯುವ ಹೊತ್ತಿಗೆ ಒಂದೇ ಕೊಠಡಿಯ ಮೂಲಕ ಹರಿದುಹೋದ ಬ್ಯೂಟೇನ್ ಸುಮಾರು 110 ಕಿಲೋ, ಅಂದರೆ ಮನೆಗೆ ಬರುವ 14.2 ಕಿಲೋ ಸಿಲಿಂಡರುಗಳಲ್ಲಿ ಎಂಟರಷ್ಟು. ಇಷ್ಟೂ ಅನಿಲ ಪ್ರಾಣಿಗಳ ಉಸಿರಿನೊಂದಿಗೆ ಬೆರೆತು ನಿಷ್ಕಾಸ ಕೊಳವೆಯಲ್ಲಿ ಹೊರಗೆ ಹೋಗಬೇಕು, ದಾರಿಯಲ್ಲಿ ಎಲ್ಲಿಯೂ ಕಿಡಿಯನ್ನು ಸಂಧಿಸಬಾರದು.

ಆದ್ದರಿಂದ ಇಂಥ ಪ್ರಯೋಗಾಲಯದಲ್ಲಿ ಮೊದಲು ಯೋಜಿಸುವುದು ಬೆಂಕಿಯನ್ನು ತಡೆಯುವ ಬಗೆಯನ್ನು. ಗಾಳಿಯಲ್ಲಿ ಪ್ರೊಪೇನ್ ಶೇ. 2.1 ತಲುಪಿದರೆ ಹೊತ್ತಿಕೊಳ್ಳಬಲ್ಲದು, ಬ್ಯೂಟೇನ್ ಸುಮಾರು ಶೇ. 1.8ಕ್ಕೇ ಹೊತ್ತಿಕೊಳ್ಳಬಲ್ಲದು. ಇದನ್ನು ದಹನದ ಕೆಳಮಿತಿ ಎನ್ನುತ್ತೇವೆ. ಮೇಲ್ಮಿತಿಯೂ ಇದೆ: ಶೇ. 8.5ನ್ನು ದಾಟಿದ ಬ್ಯೂಟೇನ್-ಗಾಳಿ ಮಿಶ್ರಣ ತನ್ನಷ್ಟಕ್ಕೆ ಹೊತ್ತದು, ಏಕೆಂದರೆ ಉರಿಯಲು ಬೇಕಾದಷ್ಟು ಆಮ್ಲಜನಕ ಅದರಲ್ಲಿ ಉಳಿದಿರುವುದಿಲ್ಲ. ಹಾಗಾದರೆ 658ರ ಪ್ರಯೋಗದಲ್ಲಿದ್ದ ಶೇ. 27 ಸುರಕ್ಷಿತವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಕೊಠಡಿಯನ್ನು ಶೂನ್ಯದಿಂದ 27ಕ್ಕೆ ಏರಿಸುವಾಗ ಮತ್ತು ಪ್ರಯೋಗ ಮುಗಿದ ಮೇಲೆ 27ರಿಂದ ಶೂನ್ಯಕ್ಕೆ ಇಳಿಸುವಾಗ ಮಿಶ್ರಣ 1.8ರಿಂದ 8.5ರ ನಡುವಿನ ಸ್ಫೋಟದ ಪಟ್ಟಿಯನ್ನು ಎರಡು ಬಾರಿ ಹಾದುಹೋಗಲೇಬೇಕು. ಗಂಟೆಗೆ 12 ಬಾರಿ ಗಾಳಿ ಬದಲಾಗುವ ಕೊಠಡಿಯಲ್ಲಿ ಸಾಂದ್ರತೆ ಗುರಿಯ ಶೇ. 95ನ್ನು ಮುಟ್ಟಲು ಸುಮಾರು 15 ನಿಮಿಷ ಬೇಕು. ಆ ಹೊತ್ತಿನಲ್ಲಿ ಒಂದು ಸ್ಥಿರವಿದ್ಯುತ್ತಿನ ಕಿಡಿ ಸಾಕು. ಕಡಿಮೆಯಾದ ಆಮ್ಲಜನಕವನ್ನು ತುಂಬಿಕೊಡಲು ಹೊರಗಿನಿಂದ ಆಮ್ಲಜನಕ ಸೇರಿಸಿದರೆ ಹೊತ್ತಿಕೊಳ್ಳುವ ಪಟ್ಟಿ ಇನ್ನೂ ಅಗಲವಾಗುತ್ತದೆ. ಇಂದಿನ ಯಾವ ಜವಾಬ್ದಾರಿಯುತ ಪ್ರಯೋಗಾಲಯವೂ ಈ ಕೆಲಸಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂದಿನ ಪದ್ಧತಿಯಲ್ಲಿ ಅತಿ ಹೆಚ್ಚಿನ ಸಾಂದ್ರತೆಯನ್ನು ದಹನದ ಕೆಳಮಿತಿಯ ಸುಮಾರು ಅರ್ಧಕ್ಕೆ ನಿಲ್ಲಿಸುತ್ತಾರೆ. ಅನಿಲದ ಹರಿವನ್ನು ತೂಕದ ಲೆಕ್ಕದಲ್ಲಿ ನಿಯಂತ್ರಿಸುವ ಉಪಕರಣಗಳು, ಭೂಸಂಪರ್ಕ ಕೊಟ್ಟ ಲೋಹದ ಕೊಳವೆಗಳು, ಕಿಡಿ ಹಾರದ ವಿದ್ಯುತ್ ಸಲಕರಣೆ, ಹೊರಗಿನ ಕೋಣೆಗಿಂತ ತುಸು ಕಡಿಮೆ ಒತ್ತಡದಲ್ಲಿರುವ ಕೊಠಡಿ, ಗಾಳಿಯ ಹರಿವು ಕುಸಿದ ತಕ್ಷಣ ಅನಿಲದ ಕವಾಟವನ್ನು ತಾನಾಗಿ ಮುಚ್ಚುವ ವ್ಯವಸ್ಥೆ, ಇವೆಲ್ಲ ಇರಲೇಬೇಕು. ಸಾಂದ್ರತೆ ಅಳೆಯಲು ಬಳಸುವ ಗ್ಯಾಸ್ ಕ್ರೊಮಟೋಗ್ರಾಫ್‌ನ ಪತ್ತೆಸಾಧನದಲ್ಲಿ ಸಾಮಾನ್ಯವಾಗಿ ಹೈಡ್ರೋಜನ್ ಜ್ವಾಲೆಯೇ ಉರಿಯುತ್ತಿರುತ್ತದೆ. ಹಾಗಾಗಿ ಆ ಯಂತ್ರವನ್ನು ಬೇರೆ ಕೋಣೆಯಲ್ಲಿಟ್ಟು, ಕೊಠಡಿಯ ಗಾಳಿಯ ಸಣ್ಣ ಪಾಲನ್ನು ಸಪೂರ ಕೊಳವೆಯಲ್ಲಿ ಅಲ್ಲಿಗೆ ಒಯ್ಯುತ್ತಾರೆ.

ಮಿಶ್ರ ಅನಿಲವನ್ನು ಪರೀಕ್ಷಿಸುವಾಗ ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ತೊಡಕಿದೆ. ನಿಮ್ಮದೂ ಮಿಶ್ರಣವೇ ಆದ್ದರಿಂದ ಹೇಳುತ್ತೇನೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ ಕುದಿಯುತ್ತದೆ, ಐಸೊಬ್ಯೂಟೇನ್ ಸುಮಾರು 12 ಡಿಗ್ರಿ ಕೆಳಗೆ, ಬ್ಯೂಟೇನ್ ಸೊನ್ನೆಯ ಹತ್ತಿರ. ಸಿಲಿಂಡರಿನ ಮೇಲ್ಭಾಗದ ಆವಿಯನ್ನು ಹಾಗೆಯೇ ಕೊಠಡಿಗೆ ಬಿಟ್ಟರೆ ಮೊದಲ ದಿನಗಳಲ್ಲಿ ಇಲಿಗಳು ಹೆಚ್ಚಾಗಿ ಪ್ರೊಪೇನನ್ನೂ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಹೆಚ್ಚಾಗಿ ಬ್ಯೂಟೇನನ್ನೂ ಉಸಿರಾಡುತ್ತವೆ. ವರದಿಯಲ್ಲಿ ಮಾತ್ರ ಎಲ್ಲ ದಿನವೂ ಒಂದೇ ವಸ್ತುವಿನ ಹೆಸರಿರುತ್ತದೆ. ಇದನ್ನು ತಪ್ಪಿಸಲು ಸಿಲಿಂಡರಿನ ತಳದ ದ್ರವವನ್ನೇ ಎಳೆದು, ಬಿಸಿ ಮಾಡಿದ ಪಾತ್ರೆಯಲ್ಲಿ ಒಮ್ಮೆಗೇ ಪೂರ್ತಿ ಆವಿಯಾಗಿಸಿ, ಆಮೇಲೆ ಗಾಳಿಗೆ ಬೆರೆಸಬೇಕು. ಯಾವುದೇ ಮಿಶ್ರಣದ ಪರೀಕ್ಷಾ ವರದಿ ನಿಮ್ಮ ಕೈಗೆ ಬಂದರೆ ಒಟ್ಟು ಹೈಡ್ರೋಕಾರ್ಬನ್ ಸಾಂದ್ರತೆಯ ಜೊತೆಗೆ ಘಟಕಗಳ ಪಾಲನ್ನೂ ಕೊಠಡಿಯೊಳಗಿನ ಗಾಳಿಯಲ್ಲಿಯೇ ಅಳೆದಿದ್ದಾರೆಯೇ ಎಂದು ಮೊದಲು ನೋಡಿ.

ಈಗ 10,000 ಪಿಪಿಎಂ ಅಂಕಿ ಎಲ್ಲಿಂದ ಬಂತೆಂಬುದು ನಿಮಗೆ ಹೊಳೆದಿರಬಹುದು. 1998ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ದೊಡ್ಡ ಪ್ರಮಾಣದಲ್ಲಿ ತಯಾರಾಗುವ ರಾಸಾಯನಿಕಗಳ ಮೂಲಭೂತ ವಿಷತ್ವ ಮಾಹಿತಿಯನ್ನು ಬಹಿರಂಗಪಡಿಸುವಂತೆ ಉದ್ಯಮಗಳಿಗೆ ಕರೆ ಕೊಟ್ಟಿತು. ಪೆಟ್ರೋಲಿಯಂ ಅನಿಲಗಳ ಮೇಲೆ ವ್ಯವಸ್ಥಿತ ಪರೀಕ್ಷೆಗಳು ನಡೆದದ್ದು ಆ ಕಾರ್ಯಕ್ರಮದ ಭಾಗವಾಗಿ. ಎಲ್‌ಪಿಜಿಯನ್ನು ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ, 13 ವಾರ, ಅತಿ ಹೆಚ್ಚೆಂದರೆ 10,000 ಪಿಪಿಎಂವರೆಗೆ ಇಲಿಗಳಿಗೆ ಕೊಡಲಾಯಿತು. ಸಂತಾನೋತ್ಪತ್ತಿಯ ಪರೀಕ್ಷೆಯನ್ನೂ ಒಳಗೊಂಡ ಬೇರೆ ಅಧ್ಯಯನಗಳಲ್ಲಿ ಈಥೇನನ್ನು ಸುಮಾರು 16,000, ಪ್ರೊಪೇನನ್ನು ಸುಮಾರು 12,000, ಬ್ಯೂಟೇನ್ ಮತ್ತು ಐಸೊಬ್ಯೂಟೇನ್‌ಗಳನ್ನು ಸುಮಾರು 9,000 ಪಿಪಿಎಂವರೆಗೆ ಪರೀಕ್ಷಿಸಲಾಯಿತು. ಈ ಅಂಕಿಗಳನ್ನು ದಹನದ ಕೆಳಮಿತಿಗಳ ಪಕ್ಕದಲ್ಲಿಟ್ಟು ನೋಡಿ: ಪ್ರತಿಯೊಂದೂ ಹೆಚ್ಚುಕಡಿಮೆ ಅದರ ಅರ್ಧ. ಅಂದರೆ ಪರೀಕ್ಷೆ ಅಲ್ಲಿಗೆ ನಿಂತದ್ದು ಬೆಂಕಿಯ ಭಯದಿಂದ. ಅದಕ್ಕಿಂತ ಮೇಲೆ ದೇಹಕ್ಕೆ ಏನೂ ಆಗುವುದಿಲ್ಲ ಎಂದು ಯಾರೂ ಕಂಡುಹಿಡಿದಿಲ್ಲ. ತೀವ್ರ ವಿಷತ್ವದ ಒಇಸಿಡಿ ಮಾರ್ಗಸೂಚಿಯಲ್ಲಿ ಅನಿಲಗಳಿಗೆ ಹೇಳಿರುವ ಗರಿಷ್ಠ ಪರೀಕ್ಷಾ ಮಟ್ಟ 20,000 ಪಿಪಿಎಂ ಕೂಡ ಬ್ಯೂಟೇನ್ ಪಾಲಿಗೆ ಹೊತ್ತಿಕೊಳ್ಳುವ ಮಟ್ಟವೇ ಆಗಿದೆ.

ಹಾಗೆಂದು ಈ ಪರೀಕ್ಷೆಗಳನ್ನು ಕಡೆಗಣಿಸಬಾರದು. ಕೆಳಮಿತಿಯ ಅರ್ಧದಷ್ಟು ಅನಿಲವಿರುವ ಜಾಗದಲ್ಲಿ ಮನುಷ್ಯರು ದಿನವೂ ಆರು ಗಂಟೆ ಕೆಲಸ ಮಾಡುವ ಸಂದರ್ಭ ಬರಲೇಬಾರದು. ಅಂಥ ಮಟ್ಟದಲ್ಲಿಯೂ ಇಲಿಗಳ ಯಕೃತ್ತು, ಮೂತ್ರಪಿಂಡ, ರಕ್ತ ಮತ್ತು ನರಗಳಿಗೆ ಗುರುತಿಸಬಹುದಾದ ಹಾನಿ ಸಂಗ್ರಹವಾಗಿಲ್ಲ ಎಂಬುದು ಗಟ್ಟಿಯಾದ, ಉಪಯುಕ್ತವಾದ ತಿಳಿವಳಿಕೆ. ಉಸಿರಿನಲ್ಲಿ ಒಳಗೆ ಹೋದ ಬ್ಯೂಟೇನ್, ಪ್ರೊಪೇನ್‌ಗಳ ಬಹುಪಾಲು ಬದಲಾಗದೆ ಉಸಿರಿನಲ್ಲಿಯೇ ಹೊರಬರುವುದೂ ಇದಕ್ಕೆ ಒಂದು ಕಾರಣ.

ಆದರೆ ಇಲಿಯ ಪರೀಕ್ಷೆಯ ಕಣ್ಣಿಗೆ ಬೀಳದ ಅಪಾಯವೊಂದಿದೆ, ಅದು ಹೃದಯಕ್ಕೆ ಸಂಬಂಧಿಸಿದ್ದು. ಬ್ಯೂಟೇನ್ ಜಾತಿಯ ಅನಿಲಗಳು ಹೃದಯದ ಸ್ನಾಯುವನ್ನು ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುವಂತೆ ಮಾಡುತ್ತವೆ. ಬೆದರಿದಾಗ, ಓಡಿದಾಗ ದೇಹದಲ್ಲಿ ತಾನಾಗಿ ಏರುವ ಅಡ್ರಿನಲಿನ್ ಅಂಥ ಸ್ಥಿತಿಯಲ್ಲಿ ಹೃದಯದ ಲಯವನ್ನೇ ಕೆಡಿಸಿ ಕ್ಷಣಗಳಲ್ಲಿ ಸಾವು ತರಬಲ್ಲದು. ಗೂಡಿನಲ್ಲಿ ಸುಮ್ಮನೆ ಮಲಗಿರುವ ಇಲಿಯಲ್ಲಿ ಇದು ಗೋಚರಿಸುವುದಿಲ್ಲ. ಹೈಡ್ರೋಕಾರ್ಬನ್‌ಗಳ ಈ ಗುಣ 1940ರ ದಶಕದಲ್ಲಿಯೇ ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿತ್ತು. 1971ರಲ್ಲಿ ಅಮೆರಿಕದ ರೈನ್‌ಹಾರ್ಟ್ ಮತ್ತು ಸಂಗಡಿಗರು ಬೀಗಲ್ ನಾಯಿಗಳಲ್ಲಿ ಅದನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಎಚ್ಚರದಲ್ಲಿರುವ ನಾಯಿಗೆ ಮೊದಲು ಬರಿಯ ಗಾಳಿಯಲ್ಲಿ ಸ್ವಲ್ಪ ಅಡ್ರಿನಲಿನ್ ಕೊಟ್ಟು ಇಸಿಜಿ ನೋಡುವುದು, ಬಳಿಕ ಕೆಲವು ನಿಮಿಷ ಅನಿಲ ಉಸಿರಾಡಿಸಿ ಅಷ್ಟೇ ಅಡ್ರಿನಲಿನ್ ಮತ್ತೆ ಕೊಟ್ಟು ಲಯ ಕೆಡುವುದೇ ಎಂದು ನೋಡುವುದು ಆ ಕ್ರಮ. ಸಿಗರೇಟು ಲೈಟರಿನ ಬ್ಯೂಟೇನ್ ಅಥವಾ ಡಿಯೋಡರೆಂಟ್ ಅನಿಲವನ್ನು ಅಮಲಿಗಾಗಿ ಮೂಸುವ ಹದಿಹರೆಯದವರು ಹಠಾತ್ತನೆ ಕುಸಿದು ಸಾಯುವುದಕ್ಕೆ ಮುಖ್ಯ ಕಾರಣ ಇದೆಂದು ತಿಳಿಯಲಾಗಿದೆ. ಬ್ರಿಟನ್‌ನಲ್ಲಿ 18 ವರ್ಷದೊಳಗಿನವರಿಗೆ ಲೈಟರ್ ಮರುಪೂರಣದ ಬ್ಯೂಟೇನ್ ಮಾರಬಾರದೆಂದು 1999ರಲ್ಲಿ ನಿಯಮ ತಂದದ್ದು ಇಂಥ ಸಾವುಗಳ ಹಿನ್ನೆಲೆಯಲ್ಲಿ. ಲೀಟರಿಗೆ 658 ಮಿ.ಗ್ರಾಂ ಎಂಬ ಅಂಕಿಯನ್ನು ನೋಡಿ ನೆಮ್ಮದಿ ಪಡುವವರು ಈ ಮಕ್ಕಳನ್ನು ನೆನೆಯಬೇಕು.

ಇನ್ನು ‘ಹೈಡ್ರೋಕಾರ್ಬನ್ ಅನಿಲ’ ಎಂದು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುವುದರ ಅಪಾಯ. ಬ್ಯೂಟೇನ್‌ನಿಂದ ನಾಲ್ಕು ಹೈಡ್ರೋಜನ್ ಪರಮಾಣು ಕಳೆದರೆ ಬ್ಯೂಟಾಡೈಯೀನ್ ಆಗುತ್ತದೆ. ಅದೂ ಬಣ್ಣವಿಲ್ಲದ, ಶೇ. 2ಕ್ಕೆ ಹೊತ್ತಿಕೊಳ್ಳುವ ಅನಿಲವೇ. ಕೃತಕ ರಬ್ಬರ್ ಉದ್ಯಮದಲ್ಲಿ ದಶಕಗಳ ಕಾಲ ಅದನ್ನೂ ಮಂಪರು ತರಿಸುವ ಸಾಧಾರಣ ಅನಿಲವೆಂದೇ ಬಗೆದು, ಅಮೆರಿಕದಲ್ಲಿ 1,000 ಪಿಪಿಎಂವರೆಗೆ ಕೆಲಸದ ಜಾಗದಲ್ಲಿ ಇರಬಹುದೆಂದು ಒಪ್ಪಿದ್ದರು. ಅಲ್ಲಿನ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ಚಿಟ್ಟಿಲಿಗಳಿಗೆ 625 ಮತ್ತು 1,250 ಪಿಪಿಎಂ ಕೊಟ್ಟು ಎರಡು ವರ್ಷದ ಪ್ರಯೋಗ ಹೂಡಿದಾಗ, ಹೃದಯದ ರಕ್ತನಾಳಗಳ ಕ್ಯಾನ್ಸರೂ ಸೇರಿದಂತೆ ಹಲವು ಬಗೆಯ ಕ್ಯಾನ್ಸರಿನಿಂದ ಪ್ರಾಣಿಗಳು ಸಾಯತೊಡಗಿ, 61 ವಾರದೊಳಗೆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆ ವರದಿ ಹೊರಬಂದದ್ದು 1984ರಲ್ಲಿ. 1993ರ ಎರಡನೆಯ ವರದಿಯ ಪ್ರಕಾರ ಕೇವಲ 6.25 ಪಿಪಿಎಂ ಉಸಿರಾಡಿದ ಹೆಣ್ಣು ಚಿಟ್ಟಿಲಿಗಳಲ್ಲಿಯೂ ಶ್ವಾಸಕೋಶದ ಗೆಡ್ಡೆಗಳು ಹೆಚ್ಚಿದ್ದವು. ಅದೇ ಅನಿಲವನ್ನು 1,000 ಮತ್ತು 8,000 ಪಿಪಿಎಂನಲ್ಲಿ ಉಸಿರಾಡಿದ ದೊಡ್ಡ ಇಲಿಗಳಲ್ಲಿ ಗೆಡ್ಡೆಗಳು ಕಂಡರೂ ಅವು ಚಿಟ್ಟಿಲಿಗಳಷ್ಟು ಸೂಕ್ಷ್ಮವಾಗಿರಲಿಲ್ಲ. ದೇಹ ಬ್ಯೂಟಾಡೈಯೀನನ್ನು ಎಪಾಕ್ಸೈಡ್ ಎಂಬ, ಡಿಎನ್‌ಎಗೆ ಅಂಟುವ ಸಂಯುಕ್ತಗಳಾಗಿ ಮಾರ್ಪಡಿಸುತ್ತದೆ. ಅವುಗಳಲ್ಲಿ ಅತಿ ಕ್ರೂರವಾದ ಡೈಎಪಾಕ್ಸಿಬ್ಯೂಟೇನ್ ಚಿಟ್ಟಿಲಿಯ ದೇಹದಲ್ಲಿ ಇಲಿಗಿಂತ ಬಹಳ ಹೆಚ್ಚು ಹುಟ್ಟುತ್ತದೆ. ಮನುಷ್ಯ ಯಾವುದನ್ನು ಹೋಲುತ್ತಾನೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ರಬ್ಬರ್ ಕಾರ್ಖಾನೆಯ ಕಾರ್ಮಿಕರಲ್ಲಿ ರಕ್ತದ ಕ್ಯಾನ್ಸರಿನ ಆಧಾರ ಗಟ್ಟಿಯಾದ ಮೇಲೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದಲ್ಲಿ ಕೆಲಸದ ಜಾಗದ ಮಿತಿ 1996ರಲ್ಲಿಯೇ 1,000 ಪಿಪಿಎಂನಿಂದ 1 ಪಿಪಿಎಂಗೆ ಇಳಿದಿತ್ತು.

ಎಪಾಕ್ಸೈಡ್ ಆಗಬಲ್ಲ ಎಲ್ಲ ಅನಿಲಗಳೂ ಹೀಗೆ ವರ್ತಿಸುವುದಿಲ್ಲ ಎಂಬುದೂ ಪ್ರಾಣಿಗಳ ಪರೀಕ್ಷೆಯಿಂದಲೇ ತಿಳಿದದ್ದು. ಎಥಿಲೀನ್ ದೇಹದಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕ್ಯಾನ್ಸರ್‌ಕಾರಕವಾಗಿ ಬದಲಾಗುತ್ತದೆ, ಆದರೆ ಆ ಬದಲಾವಣೆ ಬೇಗನೆ ತನ್ನ ಗರಿಷ್ಠ ವೇಗ ಮುಟ್ಟಿ ನಿಂತುಬಿಡುತ್ತದೆ. ಎರಡು ವರ್ಷ 3,000 ಪಿಪಿಎಂ ಉಸಿರಾಡಿದ ಇಲಿಗಳಲ್ಲಿ ಗೆಡ್ಡೆಗಳು ಹೆಚ್ಚಲಿಲ್ಲ. ರಚನೆಯನ್ನು ಕಾಗದದ ಮೇಲೆ ನೋಡಿದ ಮಾತ್ರಕ್ಕೆ ಈ ವ್ಯತ್ಯಾಸ ಯಾರಿಗೂ ಹೊಳೆಯುತ್ತಿರಲಿಲ್ಲ.

ಪ್ರಾಣಿಗಳನ್ನು ಕೊಲ್ಲುವುದು ಅಗತ್ಯವೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಹುಟ್ಟುತ್ತದೆ. ಮಾರ್ಗಸೂಚಿಯಂತೆ ನಡೆಯುವ 13 ವಾರದ ಒಂದು ಪರೀಕ್ಷೆಗೆ ಗುಂಪಿಗೆ ಹತ್ತು ಗಂಡು, ಹತ್ತು ಹೆಣ್ಣಿನಂತೆ ನಾಲ್ಕು ಗುಂಪಿಗೆ 80 ಇಲಿಗಳು ಬೇಕು. ಅನಿಲದಿಂದ ಏನೂ ಆಗದಿದ್ದರೂ ಅಂಗಾಂಶಗಳನ್ನು ಪರೀಕ್ಷಿಸಲು ಕೊನೆಯಲ್ಲಿ ಎಲ್ಲವನ್ನೂ ಕೊಲ್ಲಲಾಗುತ್ತದೆ. ಈ ಸತ್ಯವನ್ನು ಮುಚ್ಚಿಡಬಾರದು. ಬ್ಯೂಟಾಡೈಯೀನ್ ಪರೀಕ್ಷೆಯ ಚಿಟ್ಟಿಲಿಗಳು ಕಾರ್ಮಿಕರನ್ನು ರಕ್ಷಿಸುವ ನಿಯಮಕ್ಕೆ ಆಧಾರವಾದವು, ಆ ಪ್ರಯೋಗವನ್ನು ನಾನು ಸಮರ್ಥಿಸುತ್ತೇನೆ. ಬ್ಯೂಟೇನ್‌ಗೆ ಹೊಸದಾಗಿ ಎಲ್‌ಸಿ 50 ಕಂಡುಹಿಡಿಯುವ ಪ್ರಯೋಗವನ್ನು ಸಮರ್ಥಿಸುವುದಿಲ್ಲ, ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಅನಿಲ ಕೊಬ್ಬಿನಲ್ಲಿ ಎಷ್ಟು ಕರಗುತ್ತದೆ ಎಂಬುದರಿಂದ ಅದರ ಅರಿವಳಿಕೆಯ ಶಕ್ತಿಯನ್ನು ಊಹಿಸಬಹುದೆಂದು ವಿಜ್ಞಾನಿಗಳಾದ ಮೆಯೆರ್ ಮತ್ತು ಓವರ್ಟನ್ ನೂರಿಪ್ಪತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಅದಕ್ಕೆ ಇಲಿಗಳು ಬೇಕಿಲ್ಲ. ಒಇಸಿಡಿ 2017ರಲ್ಲಿ ಒಪ್ಪಿದ 433ನೆಯ ಮಾರ್ಗಸೂಚಿ ಸಾವನ್ನು ಎಣಿಸುವ ಬದಲು ಸ್ಪಷ್ಟವಾದ ವಿಷಲಕ್ಷಣ ಕಂಡಲ್ಲಿಗೆ ಪ್ರಯೋಗ ನಿಲ್ಲಿಸುವ ಕ್ರಮವನ್ನು ತಂದಿದೆ. ಸಂಸ್ಕರಣಾಗಾರದಿಂದ ಹೊರಬರುವ ಹತ್ತಾರು ಬಗೆಯ ಅನಿಲ ಮಿಶ್ರಣಗಳನ್ನು ಒಂದೊಂದಾಗಿ ಪ್ರಾಣಿಗಳ ಮೇಲೆ ಪರೀಕ್ಷಿಸುವ ಬದಲು, ಪರೀಕ್ಷಿಸಿದ ಘಟಕಗಳ ಮಾಹಿತಿಯಿಂದ, ಮುಖ್ಯವಾಗಿ ಅವುಗಳಲ್ಲಿನ ಬೆಂಜೀನ್, ಬ್ಯೂಟಾಡೈಯೀನ್, ಹೈಡ್ರೋಜನ್ ಸಲ್ಫೈಡ್‌ಗಳ ಪಾಲನ್ನು ಲೆಕ್ಕಹಾಕಿ ಅಪಾಯ ನಿರ್ಧರಿಸುವ ದಾರಿಯನ್ನೂ ಪೆಟ್ರೋಲಿಯಂ ಅನಿಲಗಳ ಕಾರ್ಯಕ್ರಮ ಹಿಡಿಯಿತು. ಅದು ಬಹಳ ಪ್ರಾಣಿಗಳನ್ನು ಉಳಿಸಿತು. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು 1998ರ ನಿಯಮಗಳಡಿ ಪ್ರತಿ ಪ್ರಯೋಗಾಲಯದ ನೈತಿಕ ಸಮಿತಿ ಒಪ್ಪದೆ ಇಂಥ ಪ್ರಯೋಗ ನಡೆಯುವಂತಿಲ್ಲ. ಪ್ರಸಾಧನ ವಸ್ತುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಿಂದ ನಿಷಿದ್ಧ. ಆದ್ದರಿಂದ ನಿಮ್ಮ ಡಿಯೋಡರೆಂಟಿಗಾಗಿ ಹೊಸ ಪರೀಕ್ಷೆ ಬೇಕೆಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ.

ಕಾರ್ಮಿಕರಿಗೆ ಹೇಳಬೇಕಾದ ಅಂಕಿ ಈ ಎರಡೂ ಅಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಶ್, ಕೆಲಸದ ಪಾಳಿಯ ಸರಾಸರಿ ಮಿತಿಯಾಗಿ ಬ್ಯೂಟೇನ್‌ಗೆ 800, ಪ್ರೊಪೇನ್‌ಗೆ 1,000 ಪಿಪಿಎಂ ಸೂಚಿಸುತ್ತದೆ. ತಕ್ಷಣ ಜಾಗ ಬಿಟ್ಟು ಹೊರಡಬೇಕಾದ ಮಟ್ಟವೆಂದು ಬ್ಯೂಟೇನ್‌ಗೆ 1,600, ಪ್ರೊಪೇನ್‌ಗೆ 2,100 ಪಿಪಿಎಂ ಹೇಳುತ್ತದೆ. ಇವು ದಹನದ ಕೆಳಮಿತಿಯ ಸುಮಾರು ಹತ್ತನೇ ಒಂದು ಪಾಲು. ಫಲಕದ ಮೇಲೆ ಬರೆಯಬೇಕಾದದ್ದು ಈ ಮಟ್ಟವನ್ನು, ಅನಿಲ ಪತ್ತೆ ಯಂತ್ರದ ಎಚ್ಚರಿಕೆ ಗಂಟೆಯನ್ನು ಹೊಂದಿಸಬೇಕಾದದ್ದೂ ಈ ಮಟ್ಟಕ್ಕೇ. ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದು ಮರ್ಕ್ಯಾಪ್ಟನ್ ವಾಸನೆ ಸೇರಿಸಿರುತ್ತಾರೆ. ಸ್ಪ್ರೇ ಡಬ್ಬಿಗೆ ತುಂಬುವ ಅನಿಲದಲ್ಲಿ ಸುಗಂಧ ಕೆಡಬಾರದೆಂದು ಅದನ್ನು ಸೇರಿಸುವುದಿಲ್ಲ. ನಿಮ್ಮಲ್ಲಿ ಯಾರ ಮೂಗೂ ಸೋರಿಕೆಯನ್ನು ಹಿಡಿಯಲಾರದು ಎಂಬುದನ್ನು ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಹೇಳಿ. ಬ್ಯೂಟೇನ್ ಗಾಳಿಗಿಂತ ಎರಡು ಪಟ್ಟು ಭಾರವಾದ್ದರಿಂದ ಪತ್ತೆ ಯಂತ್ರಗಳು ನೆಲದ ಹತ್ತಿರ, ಚರಂಡಿ ಮತ್ತು ಗುಂಡಿಗಳ ಬಳಿ ಇರಲಿ. ಪೂರೈಕೆದಾರರಿಂದ ಪ್ರತಿ ಲೋಡಿಗೂ ಬ್ಯೂಟಾಡೈಯೀನ್ ಪ್ರಮಾಣದ ವರದಿ ಕೇಳಿ ಪಡೆಯಿರಿ. ಐರೋಪ್ಯ ನಿಯಮದಲ್ಲಿ ಅದು ಶೇ. 0.1ನ್ನು ಮುಟ್ಟಿದರೆ ಇಡೀ ಅನಿಲವನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಬೇಕಾಗುತ್ತದೆ. ಸೋರಿಕೆಯಲ್ಲಿ ಸಿಕ್ಕಿಕೊಂಡವರನ್ನು ಹೊರಗೆ ತಂದ ಮೇಲೆ ಓಡಿಸದೆ, ಗಾಬರಿಪಡಿಸದೆ ಮಲಗಿಸಿ. ಆಸ್ಪತ್ರೆಗೆ ಕಳಿಸುವಾಗ ಉಸಿರಾಡಿದ್ದು ಬ್ಯೂಟೇನ್-ಪ್ರೊಪೇನ್ ಎಂದೂ, ಅಡ್ರಿನಲಿನ್ ಬಳಸುವ ಮುನ್ನ ಈ ಸಂಗತಿ ವೈದ್ಯರ ಗಮನದಲ್ಲಿರಬೇಕೆಂದೂ ಬರೆದ ಚೀಟಿಯನ್ನು ಜೊತೆಗೆ ಕೊಡಿ.